ವಿಮಾನದ ಮೈಲಿ, ಪಾಯಿಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿ ಕೆಲಸಕ್ಕೆ ದೆಹಲಿ, ಮುಂಬೈ ಎಂದು ಸುತ್ತುವವರು, ಸಿಂಗಪುರಕ್ಕೋ ಅಮೆರಿಕಕ್ಕೋ ಮಕ್ಕಳ ಮನೆಗೆ ಹೊರಟ ಅಪ್ಪ-ಅಮ್ಮಂದಿರು, ವರ್ಷಕ್ಕೊಮ್ಮೆ ಊರಿಗೆ ಬಂದು ಹೋಗುವ ಅನಿವಾಸಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ಹಾರಿದಾಗ ವಿಮಾನ ಸಂಸ್ಥೆ ಸದಸ್ಯರ ಖಾತೆಗೆ ಪಾಯಿಂಟ್ ಹಾಕುತ್ತದೆ, ಕೆಲವರು ಅದನ್ನೇ ಮೈಲಿ ಎನ್ನುತ್ತಾರೆ; ಸಾಕಷ್ಟು ಕೂಡಿದರೆ ಅದರಿಂದ ಟಿಕೆಟ್ ತೆಗೆಯಬಹುದು. ಈ ಯೋಜನೆಗಳ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ. ಹಣ ಕಟ್ಟುವ ಮುನ್ನ ಆಯಾ ಸಂಸ್ಥೆಯ ಜಾಲತಾಣದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ನಾನು ವರ್ಷಕ್ಕೆ ಒಂದೋ ಎರಡೋ ಸಲ ಹಾರುವವನು. ನನಗೆ ಇದರಿಂದ ಏನಾದರೂ ಲಾಭವಿದೆಯೇ?

ದೇಶದೊಳಗೆ ಮಾತ್ರ ಓಡಾಡುವುದಾದರೆ ಲಾಭ ತೀರಾ ಕಡಿಮೆ. ಆದರೆ ಆ ಒಂದು ಪ್ರಯಾಣ ಅಮೆರಿಕಕ್ಕಾಗಿದ್ದರೆ ಮಾತೇ ಬೇರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಮಗಳ ಬಾಣಂತನಕ್ಕೆಂದು ಹೊರಟ ತಾಯಿ, ಜೊತೆಗೆ ಹೋಗುವ ತಂದೆ, ಇಬ್ಬರ ಹೋಗಿ-ಬರುವ ಟಿಕೆಟ್ ಸೇರಿದರೆ ಗಣನೀಯ ಮೊತ್ತದ ಪಾಯಿಂಟ್ ಆಗುತ್ತದೆ. ಇಂಥ ಟಿಕೆಟ್‌ಗಳನ್ನು ಅಳಿಯನೋ ಮಗಳೋ ಅಲ್ಲಿಂದಲೇ ಮಾಡಿಸಿ ಕಳುಹಿಸುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆ, ಊಟದ ಆಯ್ಕೆ, ಗಾಲಿಕುರ್ಚಿ ಎಲ್ಲವನ್ನೂ ನೆನಪಿನಿಂದ ತುಂಬುತ್ತಾರೆ. ಸದಸ್ಯತ್ವ ಸಂಖ್ಯೆಯ ಚೌಕ ಮಾತ್ರ ಖಾಲಿ ಉಳಿಯುತ್ತದೆ. ಸದಸ್ಯತ್ವಕ್ಕೆ ಹಣವಿಲ್ಲ, ಐದು ನಿಮಿಷದ ಕೆಲಸ. ಹೊರಡುವ ಮುನ್ನ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಖಾತೆ ತೆರೆಯಿರಿ. ಅಪ್ಪನ ಸಂಖ್ಯೆಯನ್ನೇ ಅಮ್ಮನ ಟಿಕೆಟ್‌ಗೂ ಹಾಕಿದರೆ ನಡೆಯುವುದಿಲ್ಲ.

ಯಾವ ವಿಮಾನದಲ್ಲಿ ಹೋಗುತ್ತೇನೋ ಅದೇ ಸಂಸ್ಥೆಯ ಸದಸ್ಯನಾಗಬೇಕೇ?

ಬೇಕಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಓದಿ.

ದೊಡ್ಡ ವಿಮಾನ ಸಂಸ್ಥೆಗಳು ಮೂರು ಕೂಟಗಳಾಗಿ ಹಂಚಿಹೋಗಿವೆ: 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ಒಂದೇ ಕೂಟದೊಳಗೆ ಯಾವ ಸಂಸ್ಥೆಯ ವಿಮಾನ ಹತ್ತಿದರೂ ಇನ್ನೊಂದು ಸಂಸ್ಥೆಯ ಖಾತೆಗೆ ಪಾಯಿಂಟ್ ಜಮಾ ಮಾಡಿಸಿಕೊಳ್ಳಬಹುದು. ಏರ್ ಇಂಡಿಯಾ 2014ರ ಜುಲೈಯಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಲುಫ್ತಾನ್ಸಾ, ಸಿಂಗಪುರ್ ಏರ್‌ಲೈನ್ಸ್, ಯುನೈಟೆಡ್, ಏರ್ ಕೆನಡಾ ಕೂಡ ಅಲ್ಲೇ ಇವೆ. ಹಾಗಾಗಿ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೂಲಕ ಅಮೆರಿಕಕ್ಕೆ ಹೋಗುವವರು ಆ ಪಾಯಿಂಟ್‌ಗಳನ್ನು ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೋ ಸಿಂಗಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ಗೋ ಯುನೈಟೆಡ್‌ನ ಮೈಲೇಜ್‌ಪ್ಲಸ್‌ಗೋ ಹಾಕಿಸಬಹುದು. ಬ್ರಿಟಿಷ್ ಏರ್‌ವೇಸ್, ಕತಾರ್, ಜಪಾನ್ ಏರ್‌ಲೈನ್ಸ್, ಕ್ಯಾಥೆ ಪೆಸಿಫಿಕ್ ಒನ್‌ವರ್ಲ್ಡ್‌ನವು. ಕೆಎಲ್‌ಎಂ, ಏರ್ ಫ್ರಾನ್ಸ್, ವರ್ಜಿನ್ ಅಟ್ಲಾಂಟಿಕ್ ಸ್ಕೈಟೀಮ್‌ನವು. ಎಮಿರೇಟ್ಸ್, ಎತಿಹಾದ್ ಯಾವ ಕೂಟಕ್ಕೂ ಸೇರಿಲ್ಲ. ಅವುಗಳ ಒಪ್ಪಂದಗಳು ಬಿಡಿಬಿಡಿಯಾಗಿವೆ.

ಒಂದು ಪ್ರಯಾಣಕ್ಕೆ ಒಂದೇ ಖಾತೆಯಲ್ಲಿ ಜಮೆ. ಎರಡು ಕಡೆ ಸಿಗುವುದಿಲ್ಲ. ಅಂದಮೇಲೆ ಹತ್ತಾರು ಕಾರ್ಡ್‌ಗಳಲ್ಲಿ ಚೂರುಚೂರು ಪಾಯಿಂಟ್ ಇಟ್ಟುಕೊಂಡರೆ ಯಾವುದರಲ್ಲೂ ಒಂದು ಟಿಕೆಟ್‌ಗೆ ಸಾಲುವಷ್ಟು ಆಗುವುದಿಲ್ಲ. ಒಂದು ಕೂಟದಲ್ಲಿ ಒಂದು ಖಾತೆ, ಹೆಚ್ಚೆಂದರೆ ಇನ್ನೊಂದು ಕೂಟದಲ್ಲಿ ಮತ್ತೊಂದು, ಅಷ್ಟೇ ಸಾಕು.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಲಿ?

ಎಲ್ಲಿ ಹೆಚ್ಚು ಪಾಯಿಂಟ್ ಸಿಗುತ್ತದೆ ಎಂದು ನೋಡಬೇಡಿ. ಎಲ್ಲಿ ಖರ್ಚು ಮಾಡಲು ಆಗುತ್ತದೆ ಎಂದು ನೋಡಿ. ಮುಂದಿನ ಎರಡು ವರ್ಷದಲ್ಲಿ ನಿಮಗೆ ನಿಜವಾಗಿ ಬೇಕಾಗುವ ಪ್ರಯಾಣ ಯಾವುದು? ಸಿಂಗಪುರದಲ್ಲಿರುವ ಕನ್ನಡಿಗರಿಗೆ ಬೆಂಗಳೂರು ದಾರಿ ಮುಖ್ಯ. ಅವರಿಗೆ ಕ್ರಿಸ್‌ಫ್ಲೈಯರ್ ಸಹಜ ಆಯ್ಕೆ. ಹುಬ್ಬಳ್ಳಿ, ಬೆಳಗಾವಿಗೆ ಹೋಗಿ ಬರುವವರಿಗೆ ಇಂಡಿಗೋದ ಬ್ಲೂಚಿಪ್. ಅಮೆರಿಕದಲ್ಲಿ ನೆಲೆಸಿರುವವರು ಅಲ್ಲಿನ ಕ್ರೆಡಿಟ್ ಕಾರ್ಡ್‌ನ ಪಾಯಿಂಟ್‌ಗಳನ್ನು ಯಾವ ಖಾತೆಗೆ ವರ್ಗಾಯಿಸಬಹುದು ಎಂಬುದನ್ನು ಮೊದಲು ನೋಡಬೇಕು.

ಅವಧಿಯ ನಿಯಮವೂ ಮುಖ್ಯ. ಕ್ರಿಸ್‌ಫ್ಲೈಯರ್ ಮೈಲಿಗಳಿಗೆ 36 ತಿಂಗಳ ಆಯಸ್ಸು. ನಡುವೆ ಎಷ್ಟೇ ಹಾರಿದರೂ ಹಳೆಯ ಮೈಲಿಯ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಮೈಲಿಗಳು ಮೂರು ವರ್ಷದ ನಂತರ, ಸದಸ್ಯರು ಹುಟ್ಟಿದ ತಿಂಗಳ ಕೊನೆಗೆ ರದ್ದಾಗುತ್ತವೆ. ಹುಟ್ಟುಹಬ್ಬಕ್ಕೆ ಒಳ್ಳೆಯ ಉಡುಗೊರೆ! ಯುನೈಟೆಡ್, ಡೆಲ್ಟಾ ಮೈಲಿಗಳಿಗೆ ಗಡುವೇ ಇಲ್ಲ. ಬ್ರಿಟಿಷ್ ಏರ್‌ವೇಸ್, ಕತಾರ್ ಎರಡೂ ಬಳಸುವ ಏವಿಯೋಸ್ ಎಂಬ ಪಾಯಿಂಟ್‌ಗಳಲ್ಲಿ 36 ತಿಂಗಳ ಕಾಲ ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಮಾತ್ರ ತೊಂದರೆ. ಏವಿಯೋಸ್‌ಗೆ ಇನ್ನೊಂದು ಅನುಕೂಲವಿದೆ: ಎರಡು ಖಾತೆಗಳನ್ನು ಜೋಡಿಸಿ ಬ್ರಿಟಿಷ್ ಏರ್‌ವೇಸ್‌ನಿಂದ ಕತಾರ್‌ಗೆ, ಅಲ್ಲಿಂದ ಇಲ್ಲಿಗೆ ಸರಾಗವಾಗಿ ಸಾಗಿಸಬಹುದು. ಎರಡು ಮೂರು ವರ್ಷಕ್ಕೊಮ್ಮೆ ಹಾರುವವರು ಗಡುವಿಲ್ಲದ ಅಥವಾ ಚಟುವಟಿಕೆಯಿಂದ ಮುಂದೂಡಬಹುದಾದ ಖಾತೆಯನ್ನೇ ಇಟ್ಟುಕೊಳ್ಳುವುದು ಒಳಿತು.

ಅಷ್ಟು ದೂರ ಹೋಗಿ ಬಂದರೂ ಚಿಲ್ಲರೆ ಪಾಯಿಂಟ್ ಬಂದಿದೆ. ಏಕೆ?

ಎರಡು ಕಾರಣವಿರಬಹುದು. ಮೊದಲನೆಯದು, ಲೆಕ್ಕದ ಪದ್ಧತಿಯೇ ಬದಲಾಗಿದೆ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಯೋಜನೆ ಆರಂಭಿಸಿದಾಗ ಹಾರಿದ ದೂರಕ್ಕೆ ತಕ್ಕಂತೆ ಮೈಲಿ ಸಿಗುತ್ತಿತ್ತು. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ ಟಿಕೆಟ್‌ಗೆ ಕೊಟ್ಟ ಹಣದ ಲೆಕ್ಕಕ್ಕೆ ಬಂದವು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಅದೇ ಹಾದಿ ಹಿಡಿಯಿತು. ಆರು ತಿಂಗಳು ಕಾದು ಅಗ್ಗದ ದರ ಹುಡುಕಿದವರಿಗೆ ಕಡಿಮೆ ಪಾಯಿಂಟ್, ಕಂಪನಿ ಖರ್ಚಿನಲ್ಲಿ ನಿನ್ನೆ ಟಿಕೆಟ್ ಮಾಡಿಸಿ ಇವತ್ತು ಹೊರಟವರಿಗೆ ಹೆಚ್ಚು. ನ್ಯಾಯವೇ ಎಂದು ಕೇಳಿದರೆ, ಇದು ವ್ಯಾಪಾರ ಎಂಬುದೇ ಉತ್ತರ.

ಎರಡನೆಯದು ಫೇರ್ ಕ್ಲಾಸ್, ಅಂದರೆ ಟಿಕೆಟ್ ದರದ ದರ್ಜೆ. ಟಿಕೆಟ್ ಮೇಲೆ ವಿಮಾನ ಸಂಖ್ಯೆಯ ಪಕ್ಕದಲ್ಲಿ ಒಂಟಿ ಇಂಗ್ಲಿಷ್ ಅಕ್ಷರವೊಂದು ಇರುತ್ತದೆ. ಪಕ್ಕಪಕ್ಕದ ಸೀಟಿನಲ್ಲಿ ಕುಳಿತು ಒಂದೇ ಉಪ್ಪಿಟ್ಟು ತಿಂದ ಇಬ್ಬರ ಟಿಕೆಟ್‌ಗಳಲ್ಲಿ ಈ ಅಕ್ಷರ ಬೇರೆ ಬೇರೆ ಇರಬಹುದು. ಬೇರೆ ಸಂಸ್ಥೆಯ ಖಾತೆಗೆ ಜಮಾ ಮಾಡಿಸುವಾಗ ಎಷ್ಟು ಸಿಗುತ್ತದೆ ಎಂಬುದನ್ನು ಹೆಚ್ಚಾಗಿ ಈ ಅಕ್ಷರವೇ ನಿರ್ಧರಿಸುತ್ತದೆ: ಕೆಲವಕ್ಕೆ ದೂರದ ಪೂರ್ತಿ ಮೈಲಿ, ಕೆಲವಕ್ಕೆ ಕಾಲುಭಾಗ, ತೀರಾ ಅಗ್ಗದವಕ್ಕೆ ಸೊನ್ನೆ. ಪ್ರತಿ ಸಂಸ್ಥೆಯ ಜಾಲತಾಣದಲ್ಲೂ ಪಾಲುದಾರರ ಹೆಸರಿನ ಕೆಳಗೆ ಈ ಪಟ್ಟಿ ಇರುತ್ತದೆ. ಟಿಕೆಟ್ ಮಾಡಿಸುವ ಮುನ್ನವೇ ನೋಡುವುದು ಜಾಣತನ. ಒಂದು ಸಂಸ್ಥೆ ಮಾರಿ ಇನ್ನೊಂದು ಸಂಸ್ಥೆ ಹಾರಿಸುವ ಕೋಡ್‌ಶೇರ್ ವಿಮಾನಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಯಾರ ನಿಯಮ ಅನ್ವಯಿಸುತ್ತದೆ ಎಂದು ಕೇಳಿಯೇ ತಿಳಿದುಕೊಳ್ಳಿ.

ಪಾಯಿಂಟ್ ಬರಲೇ ಇಲ್ಲ. ಹೆಸರು ಹೊಂದುತ್ತಿಲ್ಲ ಎನ್ನುತ್ತಾರೆ.

ಇದು ನಮ್ಮವರಿಗೆ ಅಂಟಿಕೊಂಡ ರೋಗ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಬರುವ ಪದ್ಧತಿ ಈ ಗಣಕಯಂತ್ರಗಳಿಗೆ ಅರ್ಥವಾಗುವುದಿಲ್ಲ. ಆಧಾರ್‌ನಲ್ಲಿ "ಎಚ್. ಎನ್. ಸಾವಿತ್ರಮ್ಮ" ಎಂದಿರುವವರು ಪಾಸ್‌ಪೋರ್ಟ್‌ನಲ್ಲಿ ಹೊಳೆನರಸೀಪುರ ನಂಜುಂಡಯ್ಯ ಸಾವಿತ್ರಮ್ಮ ಆಗಿರುತ್ತಾರೆ. ಅದರಲ್ಲಿ ಯಾವುದು ಕುಲನಾಮ ಎಂದು ಏಜೆಂಟ್ ಒಂದು ರೀತಿ ತುಂಬಿಸಿದರೆ, ಮಗ ಖಾತೆ ತೆರೆಯುವಾಗ ಇನ್ನೊಂದು ರೀತಿ ತುಂಬಿಸಿರುತ್ತಾನೆ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗವೇ ಖಾಲಿ ಇರುವವರ ಪಾಡು ಇನ್ನೂ ಕಷ್ಟ; ಕೆಲವು ಸಂಸ್ಥೆಗಳು ಇರುವ ಒಂದೇ ಹೆಸರನ್ನು ಎರಡು ಸಲ ಬರೆಯಲು ಹೇಳುತ್ತವೆ.

ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆ, ಅದೇ ಕ್ರಮದಲ್ಲಿ ಖಾತೆಯಲ್ಲೂ ಟಿಕೆಟ್‌ನಲ್ಲೂ ಇರಲಿ. ಬೋರ್ಡಿಂಗ್ ಪಾಸ್‌ನಲ್ಲಿ ಹೆಸರಿನ ಬಾಲಕ್ಕೆ "ಎಂಆರ್‌ಎಸ್" ಅಂಟಿಕೊಂಡು ಬಂದರೆ ಗಾಬರಿ ಬೇಡ, ಅದು ಅವರ ಯಂತ್ರದ ಅಭ್ಯಾಸ. ಖಾತೆಯಲ್ಲಿ ಹೆಸರು ತಪ್ಪಿದ್ದರೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ ಪ್ರಯಾಣಕ್ಕೆ ಮುನ್ನವೇ ತಿದ್ದಿಸಿಕೊಳ್ಳಿ.

ಹೆಸರು ಸರಿಯಿದ್ದೂ ಪಾಯಿಂಟ್ ಬಾರದಿದ್ದರೆ ಆಮೇಲೆ ಕೇಳಲು ಅವಕಾಶವಿದೆ. ಅದಕ್ಕೆ ಹಲವು ಸಂಸ್ಥೆಗಳಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಲಾವಕಾಶ. 13 ಅಂಕಿಗಳ ಇ-ಟಿಕೆಟ್ ಸಂಖ್ಯೆ ಮತ್ತು ಬೋರ್ಡಿಂಗ್ ಪಾಸ್ ಬೇಕಾಗುತ್ತವೆ. ಜಮೆ ಕಣ್ಣಿಗೆ ಕಾಣುವವರೆಗೆ ಆ ಚೀಟಿಯನ್ನು ಎಸೆಯಬೇಡಿ.

ಒಂದು ಪಾಯಿಂಟ್‌ಗೆ ಎಷ್ಟು ಬೆಲೆ ಎಂದು ತಿಳಿಯುವುದು ಹೇಗೆ?

ಲೆಕ್ಕ ಸುಲಭ. ಟಿಕೆಟ್‌ನ ರೂಪಾಯಿ ಬೆಲೆಯಿಂದ, ಪಾಯಿಂಟ್ ಟಿಕೆಟ್‌ಗೂ ನೀವು ಕೈಯಿಂದ ಕೊಡಬೇಕಾದ ತೆರಿಗೆಯನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ಗಳಿಂದ ಭಾಗಿಸಿ. ಉದಾಹರಣೆಗೆ, 30,000 ರೂಪಾಯಿಯ ಎಕಾನಮಿ ಟಿಕೆಟ್ 20,000 ಪಾಯಿಂಟ್ ಮತ್ತು 6,000 ರೂಪಾಯಿ ತೆರಿಗೆಗೆ ಸಿಕ್ಕರೆ, 24,000ವನ್ನು 20,000ದಿಂದ ಭಾಗಿಸಿದಾಗ ಪಾಯಿಂಟ್‌ಗೆ 1 ರೂಪಾಯಿ 20 ಪೈಸೆ.

ಅದೇ ದಾರಿಯ ಬಿಸಿನೆಸ್ ಕ್ಲಾಸ್ 1,20,000 ರೂಪಾಯಿ, ಇಲ್ಲವೇ 45,000 ಪಾಯಿಂಟ್ ಮತ್ತು 8,000 ರೂಪಾಯಿ ತೆರಿಗೆ ಎಂದುಕೊಳ್ಳಿ. ಪಾಯಿಂಟ್‌ಗೆ ಸುಮಾರು 2 ರೂಪಾಯಿ 49 ಪೈಸೆ ಬಂತು. ಈ ಹವ್ಯಾಸದಲ್ಲಿ ಮುಳುಗಿದವರೆಲ್ಲ ಇಲ್ಲಿ ಕುಣಿದಾಡುತ್ತಾರೆ. ನನ್ನ ತಕರಾರು ಇಷ್ಟೇ: ಪಾಯಿಂಟ್ ಇಲ್ಲದಿದ್ದರೆ ಆ ಸೀಟಿಗೆ ನೀವು ಜೇಬಿನಿಂದ 1,20,000 ಕೊಡುತ್ತಿದ್ದಿರಾ? ಅರವತ್ತು ಸಾವಿರದವರೆಗೆ ಕೊಡುತ್ತಿದ್ದೆ ಎನ್ನುವುದಾದರೆ ನಿಮ್ಮ ಪಾಲಿಗೆ ಅದರ ಬೆಲೆ ಅರವತ್ತು ಸಾವಿರವೇ. ಆಗ 52,000ವನ್ನು 45,000ದಿಂದ ಭಾಗಿಸಿದರೆ 1 ರೂಪಾಯಿ 16 ಪೈಸೆ, ಎಕಾನಮಿಗಿಂತ ಕಡಿಮೆ. ಎಪ್ಪತ್ತು ದಾಟಿದ ತಂದೆಯ ಮಂಡಿನೋವಿಗೆ ಚಪ್ಪಟೆಯಾಗಿ ಮಲಗಬಹುದಾದ ಸೀಟು ಬೇಕಿದ್ದರೆ ಉತ್ತರ ಬೇರೆಯಾಗುತ್ತದೆ. ಹಾಗಾಗಿ ಇನ್ನೊಬ್ಬರ "ಪಾಯಿಂಟ್‌ಗೆ ಇಷ್ಟು ಬೆಲೆ" ಎಂಬ ಪಟ್ಟಿಯನ್ನು ನಂಬಿ ಕೂರಬೇಡಿ.

ಹಣ ಕೊಟ್ಟು ಕೊಂಡ ಟಿಕೆಟ್‌ಗೆ ಹೊಸ ಪಾಯಿಂಟ್ ಬರುತ್ತದೆ, ಪಾಯಿಂಟ್ ಟಿಕೆಟ್‌ಗೆ ಸಾಮಾನ್ಯವಾಗಿ ಬರುವುದಿಲ್ಲ. ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಪಾಯಿಂಟ್‌ಗೆ ಮಿಕ್ಸರ್, ಸೂಟ್‌ಕೇಸ್ ಕೊಡುತ್ತಾರಂತೆ?

ಕೊಡುತ್ತಾರೆ. ಮೇಲಿನ ಲೆಕ್ಕ ಹಾಕಿ ನೋಡಿ, ಆಮೇಲೆ ಮಿಕ್ಸರ್ ಅಂಗಡಿಗೇ ಹೋಗುತ್ತೀರಿ. ಗಡುವು ಮುಗಿಯುವ ವಾರದಲ್ಲಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದು ಸರಿ.

ಉಚಿತ ಟಿಕೆಟ್ ಎಂದು ಹೇಳಿ ನಲವತ್ತು ಸಾವಿರ ರೂಪಾಯಿ ಕೇಳುತ್ತಿದ್ದಾರಲ್ಲ?

ವಿಮಾನ ನಿಲ್ದಾಣದ ಶುಲ್ಕ, ಸರ್ಕಾರದ ತೆರಿಗೆ ಎಲ್ಲರಿಗೂ ಒಂದೇ. ಅದರ ಜೊತೆಗೆ ಸಂಸ್ಥೆಯೇ ಹೇರುವ ಇಂಧನ ಶುಲ್ಕದಂಥ ಬಾಬತ್ತು ಇರುತ್ತದೆ. ಅದೇ ಈ ಹೊರೆಗೆ ಕಾರಣ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾಗಳ ದೂರದ ವಿಮಾನಗಳಲ್ಲಿ ಇದು ದೊಡ್ಡ ಮೊತ್ತ. ಸಿಂಗಪುರ್ ಏರ್‌ಲೈನ್ಸ್ ತನ್ನದೇ ವಿಮಾನಗಳ ಮೈಲಿ ಟಿಕೆಟ್‌ಗಳಿಗೆ 2017ರಲ್ಲಿ ಇದನ್ನು ಕೈಬಿಟ್ಟಿತು.

ಯಾವ ಖಾತೆಯ ಮೂಲಕ ಟಿಕೆಟ್ ತೆಗೆಯುತ್ತೀರಿ ಎಂಬುದರ ಮೇಲೂ ಇದು ನಿಂತಿದೆ. ಲುಫ್ತಾನ್ಸಾದ ಅದೇ ಸೀಟನ್ನು ಯುನೈಟೆಡ್‌ನ ಮೈಲೇಜ್‌ಪ್ಲಸ್ ಅಥವಾ ಏರ್ ಕೆನಡಾದ ಏರೋಪ್ಲಾನ್ ಮೂಲಕ ತೆಗೆದರೆ ಈ ಇಂಧನ ಶುಲ್ಕ ಬೀಳುವುದಿಲ್ಲ. ಲುಫ್ತಾನ್ಸಾದ ಸ್ವಂತ ಖಾತೆಯಿಂದ ತೆಗೆದರೆ ಬೀಳುತ್ತದೆ. ವಿಮಾನ ಒಂದೇ, ಸೀಟು ಒಂದೇ, ಬಿಲ್ಲು ಬೇರೆ. ಖಾತೆ ಆರಿಸುವಾಗ ಖರ್ಚಿನ ಕಡೆ ನೋಡಿ ಎಂದದ್ದು ಇದಕ್ಕೇ.

ಪಾಯಿಂಟ್ ಇದೆ, ಸೀಟು ಸಿಗುತ್ತಿಲ್ಲ.

ಪಾಯಿಂಟ್‌ಗೆ ಕೊಡುವ ಸೀಟುಗಳನ್ನು ಸಂಸ್ಥೆ ಬೇರೆಯೇ ಎತ್ತಿಟ್ಟಿರುತ್ತದೆ, ಅದು ಕೆಲವೇ ಕೆಲವು. ಸೀಟು ಸಿಗುವ ಸಂದರ್ಭ ಎರಡು: ಬುಕಿಂಗ್ ತೆರೆಯುವ ಹೊತ್ತು, ಅಂದರೆ ಸುಮಾರು ಹನ್ನೊಂದು ತಿಂಗಳು ಮೊದಲು, ಮತ್ತು ಹೊರಡುವ ಕೊನೆಯ ಒಂದೆರಡು ವಾರ, ಮಾರಾಟವಾಗದೆ ಉಳಿದದ್ದನ್ನು ಬಿಡುವಾಗ. ನಡುವಿನ ತಿಂಗಳುಗಳಲ್ಲಿ, ಅದರಲ್ಲೂ ಡಿಸೆಂಬರ್ ರಜೆಗೆ, ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದರೆ ಸಿಗುವುದು ನಿರಾಶೆಯೇ. ಮೊದಲು ಒಬ್ಬರಿಗೆ ಹುಡುಕಿ ನೋಡಿ, ಆಮೇಲೆ ಇಬ್ಬರಿಗೆ. ಇಬ್ಬರು ಒಂದು ದಿನ, ಇಬ್ಬರು ಮರುದಿನ ಹೊರಡಲು ಮನೆಯಲ್ಲಿ ಒಪ್ಪಿಗೆಯಾದರೆ ಅರ್ಧ ಸಮಸ್ಯೆ ತೀರಿತು.

ಒಳ್ಳೆಯ ಸೀಟುಗಳನ್ನು ಸಂಸ್ಥೆಗಳು ಸ್ವಂತ ಸದಸ್ಯರಿಗೇ ಕಾಯ್ದಿರಿಸುತ್ತವೆ. ಸಿಂಗಪುರ್ ಏರ್‌ಲೈನ್ಸ್‌ನ ದೂರದ ದಾರಿಯ ಬಿಸಿನೆಸ್ ಕ್ಲಾಸ್ ಸೀಟುಗಳು ಪಾಲುದಾರರ ಖಾತೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಕ್ರಿಸ್‌ಫ್ಲೈಯರ್‌ನಲ್ಲಿ ಕಾಯುವ ಪಟ್ಟಿಗೆ ಸೇರುವ ಅವಕಾಶವೂ ಇದೆ. ಕಡಿಮೆ ಮೈಲಿಯ ಸೇವರ್ ದರ್ಜೆ ಸಿಗದಿದ್ದರೆ ಹೆಚ್ಚು ಮೈಲಿ ಕೇಳುವ ಅಡ್ವಾಂಟೇಜ್ ಇದೆ, ಆದರೆ ಅದಕ್ಕೆ ಕೈಹಾಕುವ ಮುನ್ನ ಭಾಗಾಕಾರ ಮಾಡಿ. ಮಾಸಿಕ ರಿಯಾಯಿತಿ ದಾರಿಗಳ ಪಟ್ಟಿಯಲ್ಲಿ ನಿಮ್ಮ ಊರು ಇದೆಯೇ ಎಂದೂ ನೋಡುತ್ತಿರಿ.

ಇನ್ನೊಂದು ಮಾತು: ಕಡಿಮೆ ಪಾಯಿಂಟ್ ಎಂದು ಮೂರು ಕಡೆ ಇಳಿದು ಹತ್ತುವ ದಾರಿಯನ್ನು ವಯಸ್ಸಾದವರಿಗೆ ಹಿಡಿಸಬೇಡಿ. ಉಳಿದ ಪಾಯಿಂಟ್‌ಗೆ ಆಮೇಲೆ ಅವರಿಂದ ಬೈಗುಳವೇ ಬಡ್ಡಿ.

ಮನೆಮಂದಿಯ ಪಾಯಿಂಟ್‌ಗಳನ್ನು ಒಟ್ಟುಗೂಡಿಸಬಹುದೇ?

ಸಂಸ್ಥೆಯಿಂದ ಸಂಸ್ಥೆಗೆ ವ್ಯತ್ಯಾಸವಿದೆ. ಎಮಿರೇಟ್ಸ್, ಬ್ರಿಟಿಷ್ ಏರ್‌ವೇಸ್‌ನಂಥ ಕಡೆ ಕುಟುಂಬದ ಖಾತೆ ಇದೆ. ಕ್ರಿಸ್‌ಫ್ಲೈಯರ್‌ನಲ್ಲಿ ಒಟ್ಟುಗೂಡಿಸುವಂತಿಲ್ಲ, ಆದರೆ ಐದು ಜನರನ್ನು ನಾಮನಿರ್ದೇಶನ ಮಾಡಿ ಅವರಿಗೆ ನಿಮ್ಮ ಮೈಲಿಯಿಂದ ಟಿಕೆಟ್ ತೆಗೆಯಬಹುದು. ಆ ಐದರಲ್ಲಿ ಯಾವ ನಾದಿನಿ, ಯಾವ ಭಾವಮೈದುನ ಎಂಬ ಚರ್ಚೆಗೆ ಇಲ್ಲಿ ಉತ್ತರವಿಲ್ಲ.

ಗೋಲ್ಡ್ ಸದಸ್ಯತ್ವಕ್ಕಾಗಿ ವರ್ಷದ ಕೊನೆಗೆ ಒಂದೆರಡು ಪ್ರಯಾಣ ಹೆಚ್ಚಿಗೆ ಮಾಡಬೇಕೇ?

ಕೆಲಸವಿಲ್ಲದೆ ಹಾರಬೇಡಿ. ಹೆಚ್ಚು ಹಾರುವವರಿಗೆ ಕೊಡುವ ಮೇಲ್ದರ್ಜೆಯ ಸದಸ್ಯತ್ವವೇ ಗೋಲ್ಡ್. ಅದು ಬೇಕಾದದ್ದು ಮುಂದಿನ ವರ್ಷವೂ ಸಾಕಷ್ಟು ಹಾರುವವರಿಗೆ ಮಾತ್ರ. ಸ್ಟಾರ್ ಅಲಯನ್ಸ್ ಗೋಲ್ಡ್ ಇದ್ದರೆ ಲಾಂಜ್, ಚೆಕ್-ಇನ್ ಸಾಲಿನಲ್ಲಿ ಆದ್ಯತೆ, ಸಾಮಾನು ಬೇಗ ಬರುವ ಚೀಟಿ ಸಿಗುತ್ತವೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು ಹೆಚ್ಚುವರಿ ಲಗೇಜ್: ತೂಕದ ಲೆಕ್ಕವಿರುವ ದಾರಿಯಲ್ಲಿ 20 ಕಿಲೋ, ಪೆಟ್ಟಿಗೆ ಲೆಕ್ಕವಿರುವ ದಾರಿಯಲ್ಲಿ ಒಂದು ಪೆಟ್ಟಿಗೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಎರಡು ರೇಷ್ಮೆ ಸೀರೆ ಹಿಡಿಯುವ ಒಂದಿಡೀ ಪೆಟ್ಟಿಗೆ! ಆದರೆ ಇದು ಕಾರ್ಡ್ ಇರುವವರಿಗೆ ಮಾತ್ರ, ಜೊತೆಗಿರುವವರಿಗಲ್ಲ. ಕೆಲವು ತೀರಾ ಅಗ್ಗದ ದರಗಳಿಗೆ ಅನ್ವಯಿಸದೆಯೂ ಇರಬಹುದು.

ಕ್ರೆಡಿಟ್ ಕಾರ್ಡ್‌ನಿಂದ ಪಾಯಿಂಟ್ ಬೆಳೆಸುವುದು ಸರಿಯೇ?

ಪ್ರತಿ ತಿಂಗಳೂ ಬಾಕಿಯನ್ನು ಪೂರ್ತಿ ಕಟ್ಟುವವರಿಗೆ ಸರಿ. ಉಳಿದವರಿಗೆ ಅಲ್ಲವೇ ಅಲ್ಲ. ತಿಂಗಳಿಗೆ ಶೇ. 3.5ರಂತೆ ಬಡ್ಡಿ ಹಾಕಿದರೆ ವರ್ಷಕ್ಕೆ ಶೇ. 42 ಆಗುತ್ತದೆ, ಆ ನಷ್ಟವನ್ನು ತುಂಬುವ ಪಾಯಿಂಟ್ ಈ ಭೂಮಿಯ ಮೇಲಿಲ್ಲ. ವಾರ್ಷಿಕ ಶುಲ್ಕಕ್ಕೆ ಶೇ. 18 ಜಿಎಸ್‌ಟಿಯನ್ನೂ ಸೇರಿಸಿ ಲೆಕ್ಕ ಹಾಕಿ. ಪೆಟ್ರೋಲ್, ಬಾಡಿಗೆ, ವಿಮೆಯಂಥ ಖರ್ಚುಗಳಿಗೆ ಹಲವು ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ, ಇಲ್ಲವೇ ಮಿತಿ ಹಾಕಿವೆ.

ಬ್ಯಾಂಕಿನ ಪಾಯಿಂಟ್‌ಗಳನ್ನು ಬ್ಯಾಂಕಿನಲ್ಲೇ ಇಟ್ಟಿರಿ. ಒಮ್ಮೆ ವಿಮಾನ ಸಂಸ್ಥೆಗೆ ವರ್ಗಾಯಿಸಿದರೆ ಅವು ವಾಪಸ್ ಬರುವುದಿಲ್ಲ, ಮತ್ತು ವರ್ಗಾವಣೆಗೆ ಕೆಲವೊಮ್ಮೆ ಹಲವು ದಿನ ಹಿಡಿಯುತ್ತದೆ. ಬೇಕಾದ ತಾರೀಖಿಗೆ ಸೀಟು ಇದೆ ಎಂದು ಕಣ್ಣಾರೆ ಕಂಡ ಮೇಲೆ ಕಳುಹಿಸಿ. ಪಾಯಿಂಟ್ ಖರೀದಿಸುವುದಕ್ಕೂ ಇದೇ ಮಾತು: ಶೇ. 100 ಬೋನಸ್ ಎಂಬ ಮಿಂಚಂಚೆ ಬಂತೆಂದು ಕೊಳ್ಳಬೇಡಿ. ಒಂದು ನಿರ್ದಿಷ್ಟ ಟಿಕೆಟ್‌ಗೆ ಸ್ವಲ್ಪ ಕೊರತೆ ಬಿದ್ದಾಗ ಮಾತ್ರ ಕೊಳ್ಳಿ.

ಕೂಡಿಡುತ್ತಾ ಹೋದರೆ ನಿವೃತ್ತಿಯ ನಂತರ ಲೋಕ ಸುತ್ತಬಹುದಲ್ಲವೇ?

ಬೇಡ. ಪಾಯಿಂಟ್ ಎಂಬುದು ಅಂಗಡಿಯವನೇ ಅಚ್ಚು ಹಾಕಿ, ಅಂಗಡಿಯವನೇ ಬೆಲೆ ಕಟ್ಟುವ ಕೂಪನ್. ಇಂದು ಇಪ್ಪತ್ತು ಸಾವಿರ ಪಾಯಿಂಟ್‌ಗೆ ಸಿಗುವ ಟಿಕೆಟ್ ನಾಳೆ ಮೂವತ್ತು ಸಾವಿರವಾದರೆ ಕೇಳುವವರಿಲ್ಲ. ಡೆಲ್ಟಾ 2015ರಲ್ಲಿ ದರಪಟ್ಟಿಯನ್ನೇ ಜಾಲತಾಣದಿಂದ ತೆಗೆದುಹಾಕಿತು. ಎಷ್ಟು ಮೈಲಿ ಬೇಕು ಎಂಬುದು ಈಗ ಹುಡುಕಿದ ದಿನಕ್ಕೆ ಗೊತ್ತಾಗುವ ಸಂಗತಿ.

ಸಂಸ್ಥೆಯೇ ಮುಳುಗಿದರೆ? ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಲ್ಲಿಂದಲೇ ನಡೆಯುತ್ತಿದ್ದ ಕಿಂಗ್‌ಫಿಷರ್ 2012ರ ಫೆಬ್ರುವರಿಯಲ್ಲಿ ಒನ್‌ವರ್ಲ್ಡ್ ಸೇರಬೇಕಿತ್ತು. ಅದು ನಿಂತುಹೋಯಿತು. ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಕಿಂಗ್ ಕ್ಲಬ್‌ನಲ್ಲಿ ಮೈಲಿ ಕೂಡಿಟ್ಟವರ ಕೈಯಲ್ಲಿ ಕೆಂಪು ಕಾರ್ಡ್ ಮಾತ್ರ ಉಳಿಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ ಸದಸ್ಯರ ಪಾಲಿಗೆ ಅಷ್ಟು ಕೆಟ್ಟದಾಗಲಿಲ್ಲ: ಅದರ ಪಾಯಿಂಟ್ ಯೋಜನೆ ಜೆಟ್‌ಪ್ರಿವಿಲೇಜ್ ಪ್ರತ್ಯೇಕ ಕಂಪನಿಯಾಗಿದ್ದು ಎತಿಹಾದ್‌ನ ಪಾಲು ಶೇ. 50.1 ಇತ್ತು, ಆ ಯೋಜನೆ ಇಂಟರ್‌ಮೈಲ್ಸ್ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಕ್ಲಬ್ ವಿಸ್ತಾರಾದ ಪಾಯಿಂಟ್‌ಗಳು ಮಹಾರಾಜ ಕ್ಲಬ್‌ಗೆ ಸಾಗಿದವು. ಮೂರು ಸಂಸ್ಥೆ, ಮೂರು ಬಗೆಯ ಗತಿ. ಒಂದು ಟಿಕೆಟ್‌ಗೆ ಸಾಕಾಗುವಷ್ಟು ಆದ ಕೂಡಲೇ ಖರ್ಚು ಮಾಡಿ, ಮತ್ತೆ ಶುರುಮಾಡಿ.

ಪಾಯಿಂಟ್ ಟಿಕೆಟ್ ರದ್ದು ಮಾಡಿದರೆ?

ಸಾಮಾನ್ಯವಾಗಿ ಒಂದಿಷ್ಟು ಶುಲ್ಕ ಹಿಡಿದು ಪಾಯಿಂಟ್ ಹಿಂತಿರುಗಿಸುತ್ತಾರೆ. ಅಗ್ಗದ ರೂಪಾಯಿ ಟಿಕೆಟ್‌ಗಿಂತ ಎಷ್ಟೋ ಮೇಲು. ಟಿಕೆಟ್ ತೆಗೆದ ಮೇಲೆ ಆ ಪಾಯಿಂಟ್‌ಗಳ ಗಡುವು ಮುಗಿದಿದ್ದರೆ ಹಿಂದಿರುಗುವ ಭರವಸೆಯಿಲ್ಲ, ಕೇಳಿ ತಿಳಿದುಕೊಂಡೇ ರದ್ದು ಮಾಡಿ. ಹೊರಡುವ ದಿನ ಕಳೆದ ಮೇಲೆ ರದ್ದು ಮಾಡಲು ಹೋದರೆ ಬಹಳಷ್ಟು ಕಡೆ ಕಥೆ ಮುಗಿದಂತೆ.

ಪಾಯಿಂಟ್ ಕೊಳ್ಳುತ್ತೇವೆ ಎಂದು ಯಾರೋ ಸಂದೇಶ ಕಳುಹಿಸಿದ್ದಾರೆ. ಮಾರಬಹುದೇ?

ಮಾರಬಾರದು. ಎಲ್ಲ ಪ್ರಮುಖ ಸಂಸ್ಥೆಗಳ ನಿಯಮಗಳಲ್ಲೂ ಇದು ನಿಷಿದ್ಧ. ಗೊತ್ತಾದರೆ ಖಾತೆ ಮುಚ್ಚಿ ಇರುವುದನ್ನೆಲ್ಲ ರದ್ದು ಮಾಡುತ್ತಾರೆ. ಅವರು ಕೇಳುವುದು ನಿಮ್ಮ ಪಾಸ್‌ವರ್ಡ್ ಮತ್ತು ಒಟಿಪಿಯನ್ನು. ಅದೇ ಖಾತೆಯಲ್ಲಿ ನಿಮ್ಮ ಪಾಸ್‌ಪೋರ್ಟ್ ವಿವರ, ಮನೆಯವರ ಹೆಸರು, ಹುಟ್ಟಿದ ದಿನ ಎಲ್ಲ ಇರುತ್ತದೆ. ಸಂದೇಶ ಅಳಿಸಿ, ಪಾಸ್‌ವರ್ಡ್ ಬದಲಾಯಿಸಿ.